ಪ್ರೂಫ್ ಯಾರು ನೋಡ್ತಾರೆ? ವೆಬ್ ಡಿಸೈನ್ ಕಲಿಯೋಕೆ ನಾನು ಹಿಡಿದ ಮೂರು ದಾರಿ

ದಾವಣಗೆರೆಯಲ್ಲಿ ನಮ್ಮ ಮಾವನದೊಂದು ಆಫ್‌ಸೆಟ್ ಪ್ರೆಸ್ ಇದೆ. ಬಿ.ಕಾಂ. ಮುಗಿಸಿ ಮೂರು ವರ್ಷ ಅಲ್ಲೇ ಡಿಟಿಪಿ ಮಾಡಿಕೊಂಡಿದ್ದೆ. ಲಗ್ನಪತ್ರಿಕೆ, ಬಿಲ್ ಬುಕ್, ನಾಮಕರಣದ ಕಾರ್ಡ್, ಚುನಾವಣೆ ಬಂದರೆ ಕರಪತ್ರ. ಕೋರೆಲ್‌ಡ್ರಾ, ಪೇಜ್‌ಮೇಕರ್, ನುಡಿ ಫಾಂಟ್, ಇಷ್ಟೇ ನನ್ನ ಪ್ರಪಂಚ. ಆಮೇಲಾಮೇಲೆ ಸಾವಿರ ಪತ್ರಿಕೆ ಹಾಕಿಸುತ್ತಿದ್ದವರು ಇನ್ನೂರಕ್ಕೆ ಇಳಿದರು. "ವಾಟ್ಸಾಪ್‌ನಲ್ಲಿ ಕಳಿಸೋ ಥರ ಒಂದು ಮಾಡಿಕೊಡಿ" ಅನ್ನುವವರು ಜಾಸ್ತಿಯಾದರು. 2022ರಲ್ಲಿ ನಾನು ವೆಬ್ ಡಿಸೈನ್ ಕಲಿಯಲು ಹೊರಟೆ.

ಎರಡು ವರ್ಷದಲ್ಲಿ ಮೂರು ಕಡೆ ಕಲಿತೆ. ಮೊದಲು ಬೆಂಗಳೂರಿನ ಒಂದು ಇನ್‌ಸ್ಟಿಟ್ಯೂಟ್, ಆಮೇಲೆ ಮನೆಯಲ್ಲಿ ಕೂತು ಪುಕ್ಕಟೆ ಪಾಠ, ಕೊನೆಗೆ ಹುಬ್ಬಳ್ಳಿಯ ಒಂದು ಸಣ್ಣ ಕಂಪನಿಯಲ್ಲಿ ಟ್ರೈನಿ. ಯಾವುದು ಒಳ್ಳೇದು ಅಂತ ಕೇಳುವವರಿಗೆ ನಾನು ಪ್ರೆಸ್‌ನಲ್ಲಿ ಕಲಿತ ಪ್ರಶ್ನೆಯನ್ನೇ ತಿರುಗಿ ಕೇಳುತ್ತೇನೆ: ಅಲ್ಲಿ ನಿನ್ನ ಪ್ರೂಫ್ ಯಾರು ನೋಡ್ತಾರೆ? ಪ್ರೂಫ್ ಅಂದರೆ ಅಚ್ಚಿಗೆ ಹೋಗುವ ಮೊದಲು ತಪ್ಪು ಹುಡುಕಲು ತೆಗೆಯುವ ಪ್ರತಿ.

ಇನ್‌ಸ್ಟಿಟ್ಯೂಟ್ ಹೆಸರು ಬೇಡ ಬಿಡಿ. ಆರು ತಿಂಗಳ ಕೋರ್ಸ್, ಫೀಸು 42,000 ರೂಪಾಯಿ. ಪಿಜಿಗೆ ತಿಂಗಳಿಗೆ 7,500. ಓಡಾಟ, ಚಹಾ, ತಿಂಡಿ ಸೇರಿ ಲಕ್ಷದ ಹತ್ತಿರ ಹೋಯಿತು. ಫೋಟೋಶಾಪ್, ಎಚ್‌ಟಿಎಂಎಲ್ (ಪುಟದ ಹಂದರ), ಸಿಎಸ್‌ಎಸ್ (ಅದರ ಬಣ್ಣ, ಅಳತೆ, ಜೋಡಣೆ), ಬೂಟ್‌ಸ್ಟ್ರಾಪ್, ಜೆಕ್ವೆರಿ, ವರ್ಡ್‌ಪ್ರೆಸ್ ಅಂತ ಪಟ್ಟಿ ಉದ್ದ ಇತ್ತು. ಪೇಜ್ ಜೋಡಿಸುವುದನ್ನು ಫ್ಲೋಟ್ ಅನ್ನೋ ಹಳೇ ವಿಧಾನ ಇಟ್ಟುಕೊಂಡು ಕಲಿಸಿದರು. ಅದೇ ಕೆಲಸದ ಹೊಸ ವಿಧಾನಗಳಲ್ಲಿ ಫ್ಲೆಕ್ಸ್‌ಬಾಕ್ಸ್ ಕೊನೆಯ ವಾರದಲ್ಲಿ ಬಂತು. ಗ್ರಿಡ್ ಬರಲೇ ಇಲ್ಲ. ಕ್ರೋಮ್, ಫೈರ್‌ಫಾಕ್ಸ್ ಎರಡರಲ್ಲೂ 2017ರ ಮಾರ್ಚ್‌ನಿಂದಲೇ ಗ್ರಿಡ್ ನಡೆಯುತ್ತದೆ. ಐದು ವರ್ಷ ಹಳೆಯ ನೋಟ್ಸ್‌ಗೆ ನಾನು ದುಡ್ಡು ಕೊಟ್ಟಿದ್ದೆ ಅಂತ ಆಮೇಲೆ ಗೊತ್ತಾಯಿತು.

ಆದರೂ ಸುಮ್ನೆ ಬೈಯಲು ಮನಸ್ಸು ಬರುವುದಿಲ್ಲ. ಯಾಕೆಂದರೆ ಅಲ್ಲೊಬ್ಬರು ಮೇಡಂ ಇದ್ದರು. ಮೊದಲು ಎಲ್ಲೋ ಡಿಸೈನರ್ ಆಗಿದ್ದವರು. ನಾನು ಮಾಡಿದ ಮೊದಲ ಪೇಜಿನಲ್ಲಿ ಹಳದಿ ಅಕ್ಷರ, ಸುತ್ತ ಕೆಂಪು ಗೆರೆ, ಹಿಂದೆ ಬಿಳಿ. ಪ್ರೆಸ್‌ನ ಕೈಗುಣ. ಅವರು ನೋಡಿ, "ಇದನ್ನ ಸರ್ಕಲ್‌ನಲ್ಲಿ ಕಟ್ಟೋಕೆ ಮಾಡಿದ್ದೀಯೇನಪ್ಪಾ?" ಅಂದರು. ಆಮೇಲೆ ಪಕ್ಕದಲ್ಲಿ ಕೂತು ಕ್ರೋಮ್‌ನಲ್ಲಿ ಇನ್‌ಸ್ಪೆಕ್ಟ್ ತೆಗೆದು ಬಣ್ಣದ ಚೌಕದ ಮೇಲೆ ಒತ್ತಿದರು. ಕಾಂಟ್ರಾಸ್ಟ್, ಅಂದರೆ ಅಕ್ಷರಕ್ಕೂ ಹಿನ್ನೆಲೆಗೂ ಇರುವ ಅಂತರ, 1.07 ಅಂತ ತೋರಿಸಿತು. ಎಲ್ಲರಿಗೂ ಓದಲು ಬರಬೇಕು ಅಂತ ಇರುವ ಡಬ್ಲ್ಯುಸಿಎಜಿ ನಿಯಮದ ಪ್ರಕಾರ ಸಾಧಾರಣ ಅಕ್ಷರಕ್ಕೆ 4.5 ಬೇಕು, ದೊಡ್ಡ ಅಕ್ಷರಕ್ಕೆ 3. "ನಿನ್ನ ಅಜ್ಜಿ ಬಿಸಿಲಲ್ಲಿ ನಿಂತು ಫೋನ್‌ನಲ್ಲಿ ಇದನ್ನ ಓದ್ತಾರಾ?" ಅಂತ ಕೇಳಿದರು. ಆ ಹತ್ತು ನಿಮಿಷಕ್ಕೆ ಬೇಕಾದರೆ ಹತ್ತು ಸಾವಿರ ಕೊಡಬಹುದು. ಉಳಿದ 32,000 ಯಾವುದಕ್ಕೆ ಅಂತ ನಾನು ಈಗಲೂ ಲೆಕ್ಕ ಹಾಕುತ್ತಿದ್ದೇನೆ. ಎರಡು ತಿಂಗಳಿಗೆ ಅವರು ಕೆಲಸ ಬಿಟ್ಟರು. ಆಮೇಲೆ ಬಂದ ಸರ್ ಸ್ಲೈಡ್ ಓದಿ ಹೋಗುತ್ತಿದ್ದರು. ಪ್ರೂಫ್ ನೋಡುವವರು ಹೋದ ಮೇಲೆ ಕ್ಲಾಸೂ ಮುಗಿದಂತೆಯೇ.

ನಮ್ಮ ಬ್ಯಾಚಿನಲ್ಲಿ ಹಾಸನದ ಕಡೆಯ ಒಬ್ಬಳು ಹುಡುಗಿ ಇದ್ದಳು. ಇದೆಲ್ಲ ಪುಕ್ಕಟೆ ಸಿಗುತ್ತಲ್ಲ, ಯಾಕೆ ದುಡ್ಡು ಕೊಟ್ಟೆ ಅಂತ ಒಮ್ಮೆ ಕೇಳಿದೆ. "ಮನೇಲಿ ಲ್ಯಾಪ್‌ಟಾಪ್ ಮುಂದೆ ಕೂತರೆ ಸುಮ್ನೆ ಕೂತಿದ್ದೀನಿ ಅಂದ್ಕೊಂಡು ಕೆಲಸ ಹೇಳ್ತಾರೆ. ಕ್ಲಾಸಿಗೆ ಹೋಗ್ತೀನಿ ಅಂದ್ರೆ ಯಾರೂ ಮಾತಾಡಲ್ಲ" ಅಂದಳು. ಇದು ಯಾವ ಬ್ರೋಷರ್‌ನಲ್ಲೂ ಇರುವುದಿಲ್ಲ. ಆದರೆ ಅವಳ ಮಟ್ಟಿಗೆ ಫೀಸು ವಸೂಲಾಗಿತ್ತು.

2023ರ ಜನವರಿಯಲ್ಲಿ ಊರಿಗೆ ವಾಪಸ್ ಬಂದೆ. ಹಗಲು ಪ್ರೆಸ್, ರಾತ್ರಿ ಪಾಠ. ಮೊದಲು ಫ್ರೀಕೋಡ್‌ಕ್ಯಾಂಪ್ ಅನ್ನೋ ವೆಬ್‌ಸೈಟು. ಅದನ್ನು ಕ್ವಿನ್ಸಿ ಲಾರ್ಸನ್ 2014ರಲ್ಲಿ ಶುರು ಮಾಡಿದರು, ಈಗಲೂ ಒಂದು ರೂಪಾಯಿ ಕೇಳುವುದಿಲ್ಲ. ಆಗ ಬೆಕ್ಕಿನ ಫೋಟೋಗಳ ಒಂದು ಪುಟದಿಂದ ಶುರುವಾಗುತ್ತಿತ್ತು. ಒಂದೊಂದೇ ಸಾಲು ಬರೆಸುತ್ತಾ ಹೋಗುತ್ತಿತ್ತು. ರೆಸ್ಪಾನ್ಸಿವ್ ವೆಬ್ ಡಿಸೈನ್ (ಫೋನಿಗೂ ಕಂಪ್ಯೂಟರಿಗೂ ಹೊಂದುವ ಪುಟ) ಸರ್ಟಿಫಿಕೇಟ್ ಬೇಕಾದರೆ ಐದು ಪ್ರಾಜೆಕ್ಟ್ ನಾವೇ ಮಾಡಿ ಒಪ್ಪಿಸಬೇಕಿತ್ತು. ಸರ್ವೆ ಫಾರ್ಮ್, ಟ್ರಿಬ್ಯೂಟ್ ಪೇಜ್, ಹೀಗೆ. ಅರ್ಥವಾಗದೇ ಇದ್ದಾಗ ಮೊಜಿಲ್ಲಾದವರ ಎಂಡಿಎನ್ ಅನ್ನೋ ಮಾಹಿತಿ ಸೈಟು ತೆಗೆದು ನೋಡುತ್ತಿದ್ದೆ. ಸಿಎಸ್‌ಎಸ್ ಬಗ್ಗೆ ಅನುಮಾನ ಬಂದರೆ ಇವತ್ತಿಗೂ ಅದೇ ನನ್ನ ನಿಘಂಟು. ಫ್ಲೆಕ್ಸ್‌ಬಾಕ್ಸ್ ಮಾತ್ರ ಎಷ್ಟು ಓದಿದರೂ ತಲೆಗೆ ಹತ್ತಲಿಲ್ಲ. ಆಮೇಲೆ ಫ್ಲೆಕ್ಸ್‌ಬಾಕ್ಸ್ ಫ್ರಾಗಿ ಅಂತ ಒಂದು ಆಟ ಸಿಕ್ಕಿತು. ಕೋಡ್ ಬರೆದು ಕಪ್ಪೆಯನ್ನು ಎಲೆ ಮೇಲೆ ಕೂರಿಸುವುದು, 24 ಹಂತ. ಒಂದೇ ರಾತ್ರಿ ಮುಗಿಸಿದೆ. ಆರು ತಿಂಗಳು ಕ್ಲಾಸಲ್ಲಿ ಬಾರದ್ದು ಕಪ್ಪೆಯಿಂದ ಬಂತು.

ಭಾಷೆಯ ಮಾತು ಹೇಳಲೇಬೇಕು. ನಾನು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಪೇರೆಂಟ್ (ಹೊರಗಿನ ಬಾಕ್ಸ್), ಚೈಲ್ಡ್ (ಅದರೊಳಗಿನ ಬಾಕ್ಸ್), ಇನ್‌ಹೆರಿಟ್ ಅಂತ ಓದುವಾಗ ಮೊದಮೊದಲು ತಲೆ ಕೆಡುತ್ತಿತ್ತು. ಒಂದು ದಿನ ನನ್ನದೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ: "ಅಪ್ಪನ ಬಣ್ಣ, ಅಪ್ಪನ ಫಾಂಟ್ ಮಗನಿಗೆ ಬರುತ್ತೆ. ಅಪ್ಪನ ಬಾರ್ಡರ್, ಮಾರ್ಜಿನ್ ಬರಲ್ಲ. ಗುಣ ಬರುತ್ತೆ, ಕಾಂಪೌಂಡ್ ಗೋಡೆ ಬರಲ್ಲ." ಅಲ್ಲಿಂದ ಇಂಗ್ಲಿಷ್ ಅಷ್ಟೇನೂ ಹೆದರಿಸಲಿಲ್ಲ.

ಫ್ರೀಕೋಡ್‌ಕ್ಯಾಂಪ್‌ನಲ್ಲಿ ಪ್ರೂಫ್ ನೋಡುವುದು ಯಂತ್ರ. ಇಂಥ ಬಾಕ್ಸ್ ಇದೆಯಾ, ಇಂಥ ಐಡಿ ಕೊಟ್ಟಿದ್ದೀಯಾ ಅಂತ ಪರೀಕ್ಷೆ ಮಾಡುತ್ತದೆ. ಎಲ್ಲಾ ಇದ್ದರೆ ಪಾಸ್. ನನ್ನ ಸರ್ವೆ ಫಾರ್ಮ್ ಪೂರಾ ಪಾಸಾದ ದಿನ ಖುಷಿಯಲ್ಲಿ ಮಾವನಿಗೆ ತೋರಿಸಿದೆ. ಕನ್ನಡಕ ಮೂಗಿನ ತುದಿಗೆ ಇಳಿಸಿ ನೋಡಿದರು. "ರೇಷನ್ ಕಾರ್ಡ್ ಅರ್ಜಿ ಏನೋ?" ಅಂದರು. ಯಂತ್ರಕ್ಕೆ ಚಂದ ಗೊತ್ತಾಗುವುದಿಲ್ಲ, ಮಾವನಿಗೆ ಗೊತ್ತಾಗುತ್ತದೆ.

ಆಮೇಲೆ ದಿ ಓಡಿನ್ ಪ್ರಾಜೆಕ್ಟ್ ಹಿಡಿದೆ. ಇದೂ ಪುಕ್ಕಟೆಯೇ, ಸರ್ಟಿಫಿಕೇಟ್ ಕೂಡ ಕೊಡುವುದಿಲ್ಲ. ಆದರೆ ಕೈ ಹಿಡಿದು ನಡೆಸುವುದು ಕಡಿಮೆ. ಓದು ಅಂತ ಹೇಳಿ, ಈಗ ಅಡುಗೆ ರೆಸಿಪಿಗಳ ಒಂದು ಸೈಟ್ ಮಾಡು ಅಂತ ಬಿಟ್ಟುಬಿಡುತ್ತದೆ. ಗಿಟ್ (ಕೋಡಿನ ಪ್ರತಿ ಬದಲಾವಣೆ ಉಳಿಸಿಡುವ ಸಾಧನ), ಕಮಾಂಡ್ ಲೈನ್ (ಟೈಪ್ ಮಾಡಿ ಕಂಪ್ಯೂಟರ್ ನಡೆಸುವುದು), ಎಲ್ಲಾ ಮೊದಲ ದಿನಗಳಿಂದಲೇ. ವಿಂಡೋಸ್ ಥರದ್ದೇ ಇನ್ನೊಂದು ವ್ಯವಸ್ಥೆ ಲಿನಕ್ಸ್ ಹಾಕಿಕೊಳ್ಳಲು ಹೋಗಿ ಒಂದು ಡ್ರೈವ್ ಅಳಿಸಿಬಿಟ್ಟೆ. ಮಾವನ ಹಳೇ ಲಗ್ನಪತ್ರಿಕೆ ಫೈಲುಗಳು ಒಂದಿಷ್ಟು ಹೋದವು. ಬ್ಯಾಕಪ್ ತೆಗೆಯದ ತಪ್ಪು ನನ್ನದೇ. ಇಷ್ಟಾದರೂ ಎರಡರಲ್ಲಿ ಒಂದನ್ನೇ ಆರಿಸು ಅಂದರೆ ಓಡಿನ್ ಅನ್ನುತ್ತೇನೆ. ಖಾಲಿ ಪುಟದ ಮುಂದೆ ಕೂತು ಏನಾದರೂ ಮಾಡುವ ಧೈರ್ಯ ನನಗೆ ಬಂದದ್ದು ಅಲ್ಲಿಂದ.

ಯೂಟ್ಯೂಬ್ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಕನ್ನಡದಲ್ಲೂ ಪಾಠಗಳಿವೆ, ನೋಡುವಾಗ ಎಲ್ಲಾ ಅರ್ಥವಾಗುತ್ತದೆ, ನಿಲ್ಲಿಸಿದರೆ ಕೈ ಓಡುವುದಿಲ್ಲ. ಸೇಲ್‌ನಲ್ಲಿ 499ರಂತೆ ಎರಡು ಆನ್‌ಲೈನ್ ಕೋರ್ಸ್ ಕೊಂಡಿದ್ದೆ. ಒಂದರಲ್ಲಿ ನೂರಕ್ಕೆ ಹನ್ನೊಂದು ಭಾಗ ನೋಡಿದ್ದೇನೆ. ಇನ್ನೊಂದನ್ನು ತೆರೆದಿಲ್ಲ.

ಹುಬ್ಬಳ್ಳಿಯ ಕಂಪನಿ ಎರಡು ರೂಮು, ಐದು ಜನ. ಇಂಟರ್‌ವ್ಯೂಗೆ ಇನ್‌ಸ್ಟಿಟ್ಯೂಟಿನ ಸರ್ಟಿಫಿಕೇಟ್‌ಗೆ ಲ್ಯಾಮಿನೇಶನ್ ಮಾಡಿಸಿಕೊಂಡು ಹೋಗಿದ್ದೆ. ಸರ್ ಅದನ್ನು ಒಮ್ಮೆ ನೋಡಿ ಟೇಬಲ್ ಮೇಲೆ ಇಟ್ಟರು. ಆಮೇಲೆ ಚಹಾ ಬಂತು, ಲೋಟವನ್ನು ಅದರ ಮೇಲೆ ಇಟ್ಟರು. ಬೇಕಂತ ಮಾಡಿದ್ದಲ್ಲ ಪಾಪ, ಜಾಗ ಇರಲಿಲ್ಲ. ಒಂದು ಫಿಗ್ಮಾ (ಪುಟದ ವಿನ್ಯಾಸ ಬಿಡಿಸುವ ಸಾಫ್ಟ್‌ವೇರ್) ಫೈಲ್ ಕೊಟ್ಟು, ಮೂರು ತಾಸಿನಲ್ಲಿ ಇದನ್ನು ಪೇಜ್ ಮಾಡಿ ಗಿಟ್‌ಗೆ ಹಾಕಿ ಅಂದರು. ಫಿಗ್ಮಾವನ್ನು ಕಲಿಸಿದ್ದು ಇನ್‌ಸ್ಟಿಟ್ಯೂಟಿನ ಆ ಮೇಡಂ. ಉಳಿದದ್ದೆಲ್ಲ ಪುಕ್ಕಟೆ ಕಲಿತದ್ದು. ತಿಂಗಳಿಗೆ 8,000 ರೂಪಾಯಿಗೆ ಸೇರಿಕೊಂಡೆ.

ಮೊದಲ ದೊಡ್ಡ ಕೆಲಸ ಒಂದು ಮಂಗಲ ಕಾರ್ಯಾಲಯದ ಸೈಟು. ನಮ್ಮ ಕಡೆ ಕಲ್ಯಾಣ ಮಂಟಪ ಅನ್ನುತ್ತೇವಲ್ಲ, ಅದು. ಹೆಸರಿನಲ್ಲಿ ಲಕ್ಷ್ಮೀ ಅಂತ ಇತ್ತು. ನಾನು ಒಂದು ಇಂಗ್ಲಿಷ್ ಟೆಂಪ್ಲೇಟ್ ತೆಗೆದುಕೊಂಡು ದೊಡ್ಡ ಅಕ್ಷರದಲ್ಲಿ ಹೆಸರು ಹಾಕಿದೆ. ನನ್ನ ಕಣ್ಣಿಗೆ ಚೆನ್ನಾಗಿಯೇ ಕಂಡಿತು. ಮಾಲೀಕರು ಫೋನಿನಲ್ಲಿ ತೆರೆದರು, ಕಣ್ಣು ಕಿರಿದು ಮಾಡಿದರು. "ಏ ತಮ್ಮಾ, ಲಕ್ಷ್ಮೀ ಕಾಲ ಕತ್ತರಿಸಿಬಿಟ್ಟೀಯಲ್ಲೋ!" ಅಂದರು. ನೋಡಿದರೆ ನಿಜ. ಕ್ಷ ಕೆಳಗಿನ ಮ ಒತ್ತು ಅರ್ಧಕ್ಕೇ ಕತ್ತರಿಸಿತ್ತು. ಟೆಂಪ್ಲೇಟಿನಲ್ಲಿ ಲೈನ್ ಹೈಟ್ (ಸಾಲಿನ ಎತ್ತರ) 1 ಇತ್ತು, ಜೊತೆಗೆ ಓವರ್‌ಫ್ಲೋ ಹಿಡನ್, ಅಂದರೆ ಹೊರಗೆ ಚಾಚಿದ್ದನ್ನು ಮರೆಮಾಡು ಅಂತ. ಇಂಗ್ಲಿಷ್ ಅಕ್ಷರಕ್ಕೆ ಅದು ನಡೆಯುತ್ತದೆ. ಒತ್ತಕ್ಷರಕ್ಕೆ ಕೆಳಗೆ ಜಾಗ ಬೇಕು. 1.6 ಮಾಡಿ, ಹಿಡನ್ ತೆಗೆದೆ. ಲಕ್ಷ್ಮಿ ಕಾಲೂರಿ ನಿಂತಳು.

ಅದೇ ಕೆಲಸದಲ್ಲಿ ಇನ್ನೆರಡು ಪಾಠ. ಫೋಟೋಗ್ರಾಫರ್ ಕೊಟ್ಟ 40 ಚಿತ್ರ, ಒಂದೊಂದೂ 6-7 ಎಂಬಿ. ಪ್ರೆಸ್‌ನಲ್ಲಿ ಫೈಲ್ ದೊಡ್ಡದಿದ್ದಷ್ಟೂ ಒಳ್ಳೇದು, ಇಲ್ಲಿ ಉಲ್ಟಾ. ಅಗಲ 1600 ಪಿಕ್ಸೆಲ್‌ಗೆ ಇಳಿಸಿ, ವೆಬ್‌ಪಿ ಅನ್ನೋ ಹಗುರ ಚಿತ್ರದ ಫೈಲ್ ಮಾಡಿ, ಒಂದೊಂದನ್ನೂ 200 ಕೆಬಿ ಒಳಗೆ ತಂದ ಮೇಲೆ ಪೇಜ್ ಜೀವ ಪಡೆಯಿತು. ಇನ್ನೊಂದು, ನಾನು ಎರಡು ದಿನ ಕೂತು ಮಾಡಿದ ಬುಕಿಂಗ್ ಫಾರ್ಮ್ ಅನ್ನು ಮಾಲೀಕರು ತೆಗೆಸಿಬಿಟ್ಟರು. "ಮದುವೀ ಮನ್ಯಾವ್ರು ಫಾರ್ಮ್ ತುಂಬಂಗಿಲ್ಲ, ಫೋನ್ ಹಚ್ತಾರ" ಅಂದರು. ಕರೆ ಮಾಡುವ ಗುಂಡಿ ಒಂದು, ವಾಟ್ಸಾಪ್ ಗುಂಡಿ ಒಂದು. ಅಷ್ಟೇ ಉಳಿಯಿತು. ಅವರು ಹೇಳಿದ್ದೇ ಸರಿ.

ನನ್ನ ಹಳೇ ಕಸುಬೂ ಒಮ್ಮೆ ಕೈ ಹಿಡಿಯಿತು. ಆ ಕಾರ್ಯಾಲಯದವರು ಕಳಿಸಿದ ವಿವರ ನುಡಿಯ ಹಳೇ ಫಾಂಟಿನಲ್ಲಿತ್ತು. ಅಂಟಿಸಿದರೆ ಸೈಟಿನಲ್ಲಿ ಬರೀ ಇಂಗ್ಲಿಷ್ ಗೊಜ್ಜು. ಎಲ್ಲಾ ಕಡೆ ಓದಲು ಬರುವ ಯುನಿಕೋಡ್‌ಗೆ ಬದಲಿಸಿ, ನೋಟೋ ಸ್ಯಾನ್ಸ್ ಕನ್ನಡ ಫಾಂಟ್ ಹಾಕಿ ಐದು ನಿಮಿಷದಲ್ಲಿ ಮುಗಿಸಿದೆ. ಆಫೀಸಿನಲ್ಲಿ ಉಳಿದ ನಾಲ್ವರಿಗೆ ಅದು ಗೊತ್ತಿರಲಿಲ್ಲ.

ಕಷ್ಟವೂ ಇತ್ತು. ಮೊದಲ ಮೂರು ತಿಂಗಳಲ್ಲಿ ಎರಡು ಸಲ ಸ್ಟೈಪೆಂಡ್ ತಡವಾಯಿತು. ಜಾವಾಸ್ಕ್ರಿಪ್ಟ್ ಕಲಿಸಲು ಯಾರಿಗೂ ಪುರುಸೊತ್ತಿಲ್ಲ, ರಾತ್ರಿ ಮತ್ತೆ ಓಡಿನ್‌ಗೇ ಹೋಗುತ್ತಿದ್ದೆ. ಬುನಾದಿ ಇಲ್ಲದೆ ಬಂದ ಇನ್ನೊಬ್ಬ ಹುಡುಗ ವರ್ಡ್‌ಪ್ರೆಸ್‌ನಲ್ಲಿ ಥೀಮ್ ಬದಲಿಸುವುದರಲ್ಲೇ ಉಳಿದುಬಿಟ್ಟ. ಎಂಟು ತಿಂಗಳಿಗೆ ನನ್ನ ಸಂಬಳ 18,000 ಆಯಿತು, ಅವನದು ಆಗಲಿಲ್ಲ.

ಹಾಗಾಗಿ ನಾನು ಮತ್ತೆ ಮೊದಲಿನಿಂದ ಶುರು ಮಾಡುವುದಾದರೆ ಐದಾರು ತಿಂಗಳು ಮನೆಯಲ್ಲೇ ಪುಕ್ಕಟೆ ಪಾಠ, ಆಮೇಲೆ ಸೀದಾ ಸಣ್ಣ ಕಂಪನಿ. ಇನ್‌ಸ್ಟಿಟ್ಯೂಟಿಗೆ ಹೋಗಲೇಬೇಕು ಅನ್ನುವವರು ದುಡ್ಡು ಕಟ್ಟುವ ಮೊದಲು ಎರಡು ದಿನ ಕ್ಲಾಸಿನಲ್ಲಿ ಕೂತು ನೋಡಿ. ಕಲಿಸುವವರು ಹುಡುಗರ ಸ್ಕ್ರೀನ್ ಹತ್ತಿರ ಬರುತ್ತಾರಾ, ಬೋರ್ಡಿನ ಹತ್ತಿರವೇ ನಿಲ್ಲುತ್ತಾರಾ ಅಂತ ನೋಡಿದರೆ ಸಾಕು.

ಈಗ ಮಾವನ ಪ್ರೆಸ್‌ನಲ್ಲಿ ನನ್ನ ಜಾಗಕ್ಕೆ ಬಂದಿರುವ ಹುಡುಗ ಹೋದ ವಾರ ಫೋನ್ ಮಾಡಿದ್ದ. "ಅಣ್ಣಾ, ನಾನೂ ಕಲಿಬೇಕು" ಅಂದ. ಮೊದಲ ಪ್ರಾಜೆಕ್ಟ್ ಪ್ರೆಸ್‌ದೇ ಸೈಟ್ ಮಾಡು ಅಂದೆ. ಮಾವನನ್ನು ಕೇಳಿದನಂತೆ. ದುಡ್ಡು ಕೊಡಲ್ಲ, ಪ್ರೂಫ್ ಬೇಕಾದರೆ ನೋಡಿಕೊಡ್ತೀನಿ ಅಂದರಂತೆ.