ಪ್ಯಾಂಥಿಯಾನ್ ಪ್ಲಸ್: ವಿಶ್ವ ಎಲ್ಲ ದಿಕ್ಕಿಗೂ ಸಮನಾಗಿ ಹಿಗ್ಗುತ್ತಿದೆಯೇ ಎಂದು ಪರೀಕ್ಷಿಸಲು ಒಂದು ಉಚಿತ ದತ್ತಾಂಶ

ವಿಶ್ವವು ಎಲ್ಲ ದಿಕ್ಕುಗಳಲ್ಲೂ ಒಂದೇ ದರದಲ್ಲಿ ಹಿಗ್ಗುತ್ತಿದೆಯೇ ಎಂಬುದನ್ನು ಮನೆಯ ಲ್ಯಾಪ್‌ಟಾಪಿನಲ್ಲೇ ಪರೀಕ್ಷಿಸಬಯಸುವವರಿಗೆ 2022ರಲ್ಲಿ ಹೊರಬಂದ ಪ್ಯಾಂಥಿಯಾನ್ ಪ್ಲಸ್‌ಗಿಂತ ಒಳ್ಳೆಯ ದತ್ತಾಂಶವನ್ನು ನಾನು ಬಳಸಿಲ್ಲ. ಹದಿನೆಂಟು ಸಮೀಕ್ಷೆಗಳು ಕಂಡ 1,550 ಟೈಪ್ ಒನ್-ಎ ಸೂಪರ್‌ನೋವಾಗಳ 1,701 ಬೆಳಕಿನ ದಾಖಲೆಗಳನ್ನು ಇದರಲ್ಲಿ ಒಂದೇ ಅಳತೆಗೋಲಿಗೆ ತಂದಿದ್ದಾರೆ. ಟೈಪ್ ಒನ್-ಎ ಎಂದರೆ ಸಿಡಿಯುವಾಗ ಹೆಚ್ಚುಕಡಿಮೆ ಒಂದೇ ಹೊಳಪು ತೋರುವ ನಕ್ಷತ್ರಗಳು, ಹಾಗಾಗಿ ನಮಗೆ ಕಾಣುವ ಹೊಳಪಿನಿಂದ ಅವುಗಳ ದೂರವನ್ನು ಅಂದಾಜಿಸಬಹುದು. ಯಾರು ಬೇಕಾದರೂ ಹಣ ಕೊಡದೆ ಇಳಿಸಿಕೊಳ್ಳಬಹುದು.

ಮುಖ್ಯ ಕಡತವನ್ನು ತೆರೆದರೆ ಮೊದಲ ಎರಡು ಸಾಲುಗಳಲ್ಲೂ ಒಂದೇ ಹೆಸರಿದೆ: 2011ಎಫ್‌ಇ, ಸಪ್ತರ್ಷಿ ಮಂಡಲದ ದಿಕ್ಕಿನ ಎಂ101 ಗೆಲಾಕ್ಸಿಯಲ್ಲಿ ಸಿಡಿದ ನಕ್ಷತ್ರ. ಎರಡು ಸಮೀಕ್ಷೆಗಳು ಅಳೆದದ್ದರಿಂದ ಎರಡು ಸಾಲು. ಇವನ್ನು ಬೇರೆ ಬೇರೆ ನಕ್ಷತ್ರಗಳೆಂದು ಎಣಿಸಿದರೆ ಆ ದಿಕ್ಕಿಗೆ ಸಲ್ಲದ ತೂಕ ಬರುತ್ತದೆ. ಆದ್ದರಿಂದ ಜೊತೆಗಿರುವ, 28 ಲಕ್ಷಕ್ಕೂ ಹೆಚ್ಚು ಸಂಖ್ಯೆಗಳ ದೋಷಕೋಷ್ಟಕವನ್ನು (ಯಾವ ಅಳತೆಗಳ ದೋಷಗಳು ಒಂದಕ್ಕೊಂದು ಎಷ್ಟು ಹೆಣೆದುಕೊಂಡಿವೆ ಎಂದು ಹೇಳುವ ಪಟ್ಟಿಯನ್ನು) ಬಳಸಲೇಬೇಕು.

ಈ ದತ್ತಾಂಶದಲ್ಲಿ ನಾನು ಅತ್ಯಂತ ಮೆಚ್ಚಿದ್ದು ಕೆಂಪುಪಲ್ಲಟವನ್ನು (ದೂರ ಸರಿಯುವ ಗೆಲಾಕ್ಸಿಯ ಬೆಳಕು ಕೆಂಪಿನತ್ತ ಜರುಗಿದ ಪ್ರಮಾಣವನ್ನು) ಮೂರು ಬಗೆಯಲ್ಲಿ ಕೊಟ್ಟಿರುವುದನ್ನು: ಸೂರ್ಯನಿಂದ ಕಂಡಂತೆ, ವಿಶ್ವದ ಹಿನ್ನೆಲೆ ವಿಕಿರಣಕ್ಕೆ (ಮಹಾಸ್ಫೋಟದ ಬಳಿಕ ಉಳಿದು ಎಲ್ಲೆಡೆ ಹರಡಿರುವ ಬೆಳಕಿಗೆ) ಹೋಲಿಸಿದ ನಮ್ಮ ಚಲನೆಯನ್ನು ಕಳೆದ ಮೇಲೆ, ಆ ಗೆಲಾಕ್ಸಿಗಳ ಸ್ವಂತ ಚಲನೆಯನ್ನೂ ಕಳೆದ ಮೇಲೆ. ನಾನು ಮೊದಲು ಮೂರನೆಯದನ್ನೇ ಹಿಡಿದು, ಆಕಾಶವನ್ನು ಎರಡು ಅರ್ಧಗಳಾಗಿ ಸೀಳಿ ಹೋಲಿಸಿದೆ. ಅದು ಸರಿಯಾದ ಆರಂಭವಲ್ಲ, ಏಕೆಂದರೆ ಪರೀಕ್ಷಿಸಬೇಕಾದ ಊಹೆಯ ಒಂದು ಪಾಲು ಆ ತಿದ್ದುಪಡಿಯೊಳಗೇ ಸೇರಿಕೊಂಡಿದೆ. ಸೂರ್ಯನಿಂದ ಕಂಡ ಅಂಕಿಗಳಿಗೆ ಮರಳಿದಾಗ, ಸಿಂಹ ರಾಶಿಯ ದಕ್ಷಿಣದ ಕಡೆಗಿರುವ ಹತ್ತಿರದ ಗೆಲಾಕ್ಸಿಗಳು ನಿಧಾನವಾಗಿ ದೂರ ಸರಿಯುತ್ತಿರುವಂತೆ ಕಂಡವು. ಸೂರ್ಯನು ಸೆಕೆಂಡಿಗೆ ಸುಮಾರು 370 ಕಿ.ಮೀ. ವೇಗದಲ್ಲಿ ಅತ್ತಲೇ ಸಾಗುತ್ತಿದ್ದಾನೆ, ಕೆಂಪುಪಲ್ಲಟ 0.02 ಇರುವಲ್ಲಿ ಇದು ನೂರಕ್ಕೆ ಆರರಷ್ಟು ವ್ಯತ್ಯಾಸ ತರುತ್ತದೆ, 0.5 ಇರುವಲ್ಲಿ ಸಾವಿರಕ್ಕೆ ಸುಮಾರು ನಾಲ್ಕರಷ್ಟು ಮಾತ್ರ. ನಮ್ಮ ಚಲನೆಯ ಗುರುತು ದೂರ ಹೋದಂತೆ ಅಳಿಯಬೇಕು, ಹಿಗ್ಗುವಿಕೆಯಲ್ಲೇ ಅಸಮತೆಯಿದ್ದರೆ ಅದು ದೂರದಲ್ಲೂ ಉಳಿಯಬೇಕು.

ಕೊರತೆ ಇರುವುದೂ ಅಲ್ಲಿಯೇ. ದೂರದ ಸೂಪರ್‌ನೋವಾಗಳು ಹೆಚ್ಚಾಗಿ ಆಳವಾಗಿ ಸಮೀಕ್ಷೆ ಮಾಡಿದ ಕೆಲವು ತುಣುಕುಗಳಲ್ಲಿವೆ, ಸ್ಲೋನ್ ಎಂಬ ಆಕಾಶ ಸಮೀಕ್ಷೆಯವಂತೂ ಖಗೋಳ ವಿಷುವದ್ವೃತ್ತದ (ಭೂಮಿಯ ಸಮಭಾಜಕದ ನೇರಕ್ಕೆ ಆಕಾಶದಲ್ಲಿ ಎಳೆದ ವೃತ್ತದ) ಉದ್ದಕ್ಕೂ ಕಿರಿದಾದ ಪಟ್ಟಿಯೊಂದರಲ್ಲಿ ಸಾಲುಗಟ್ಟಿವೆ. ಸಾಕ್ಷ್ಯ ಹೆಚ್ಚು ಬೇಕಾದ ದೂರದಲ್ಲೇ ಆಕಾಶದ ಬಹುಭಾಗ ಖಾಲಿ. ಹಾಗಾಗಿ ಇದನ್ನು ಬಳಸುವವರು ಸೂಪರ್‌ನೋವಾಗಳ ಸ್ಥಾನಗಳನ್ನು ಹಾಗೆಯೇ ಇಟ್ಟು, ದಿಕ್ಕಿನ ಭೇದವೇ ಇಲ್ಲದ ಕೃತಕ ಅಳತೆಗಳನ್ನು ಅಲ್ಲಿ ತುಂಬಿ, ಅದೇ ಲೆಕ್ಕವನ್ನು ಸಾವಿರ ಸಲ ಓಡಿಸಿ ನೋಡಲಿ. ಅಂಥ ಸಮ ವಿಶ್ವದಲ್ಲೂ ಎಷ್ಟು ದೊಡ್ಡ ಅಸಮತೆ ತೋರಿಬರುತ್ತದೆ ಎಂಬುದು ತಿಳಿದ ಮೇಲೆಯೇ ತಮ್ಮ ಫಲಿತಾಂಶವನ್ನು ಅದರ ಪಕ್ಕದಲ್ಲಿಡಲಿ.