ಎಲೀಟ್ ಡೇಂಜರಸ್ ಒಡಿಸ್ಸಿ: ಹಡಗಿನಿಂದ ಇಳಿದ ಮೇಲಿನ ಕಾಳಗ, ನಡುವೆ ಪೆಟ್ರೋಲ್ ಲೆಕ್ಕ

ಎಲೀಟ್ ಡೇಂಜರಸ್ ಬಾಹ್ಯಾಕಾಶ ಹಡಗು ಹಾರಿಸುವ ಕಂಪ್ಯೂಟರ್ ಆಟ, ಒಡಿಸ್ಸಿ ಅದರ ವಿಸ್ತರಣೆ. ಅದರ ಹಡಗುಗಳು, 400 ಬಿಲಿಯನ್ ನಕ್ಷತ್ರ ವ್ಯವಸ್ಥೆಗಳು, ಗ್ರಾಫಿಕ್ಸ್ ಇವನ್ನೆಲ್ಲ ಓದುಗರು ಈಗಾಗಲೇ ನೋಡಿರುತ್ತೀರಿ. ಈ ವಿಮರ್ಶೆ ಪೂರ್ತಿ ನೆಲದ ಮೇಲಿನ ಕಾಳಗದ್ದು. 2021ರ ಮೇ 19ರಂದು ಪಿಸಿಗೆ ಬಂದ ಈ ವಿಸ್ತರಣೆಯಲ್ಲಿ ಅತಿ ಹೆಚ್ಚು ಬೈಸಿಕೊಂಡದ್ದು ಇದೇ ಭಾಗ. ಪುಣೆಯಲ್ಲಿ ಕೆಲಸಕ್ಕಿರುವ ಹುಬ್ಬಳ್ಳಿ, ಬೆಳಗಾವಿ ಕಡೆಯ ನಾವು ನಾಲ್ವರು ಶನಿವಾರ ರಾತ್ರಿ ಕೂತು ಆಡುವ ಆಟಗಳಲ್ಲಿ ಒಡಿಸ್ಸಿ ಇಷ್ಟು ಕಾಲ ಉಳಿದುಕೊಂಡದ್ದೂ ಇದೇ ಭಾಗಕ್ಕಾಗಿ. ಆಟದ ಒಂದು ಟೀಮಿನಲ್ಲಿ ನಾಲ್ಕೇ ಜನಕ್ಕೆ ಜಾಗ, ಹಾಗಾಗಿ ಲೆಕ್ಕ ಸರಿಹೋಗುತ್ತದೆ.

ಹೊಸಬರು ಸೋಲುವುದು ಗುರಿ ತಪ್ಪಿ ಅಲ್ಲ, ತಪ್ಪು ಬಂದೂಕು ಹಿಡಿದು. ಇಲ್ಲಿ ಎದುರಾಳಿಗೆ ಎರಡು ಪದರದ ರಕ್ಷಣೆ ಇರುತ್ತದೆ: ಮೇಲೆ ಶೀಲ್ಡ್ (ಬ್ಯಾಟರಿಯಿಂದ ನಡೆಯುವ ಗುರಾಣಿ), ಅದರ ಕೆಳಗೆ ಕವಚ. ಟಕಾಡಾ ಕಂಪನಿಯ ಲೇಸರ್‌ಗಳು (ಟಿಕೆ ಅಫೀಲಿಯನ್, ಟಿಕೆ ಎಕ್ಲಿಪ್ಸ್, ಟಿಕೆ ಜೆನಿತ್) ಶೀಲ್ಡನ್ನು ಬೇಗ ಇಳಿಸುತ್ತವೆ, ಕವಚದ ಮೇಲೆ ಬಿದ್ದರೆ ಸುಮ್ಮನೆ ಬೆಳಕು ಅಷ್ಟೇ. ಕರ್ಮಾ ಸರಣಿಯ ಗುಂಡಿನ ಬಂದೂಕುಗಳದ್ದು ತದ್ವಿರುದ್ಧ. ಎಆರ್-50 ರೈಫಲ್ ಶೀಲ್ಡ್ ಮೇಲೆ ಮ್ಯಾಗಜೀನಿನ 40 ಗುಂಡನ್ನೂ ಖಾಲಿ ಮಾಡಿಕೊಂಡು ನಿಲ್ಲುತ್ತದೆ. ಅದೇ ಶೀಲ್ಡ್ ಇಳಿದವನ ಮೇಲೆ ಬಿಟ್ಟರೆ ಕೆಲವೇ ಗುಂಡಿನಲ್ಲಿ ಕೆಲಸ ಮುಗಿಯಿತು. ಮಂಟಿಕೋರ್ ಕಂಪನಿಯ ಪ್ಲಾಸ್ಮಾ ಬಂದೂಕು ಎರಡರ ಮೇಲೂ ನಡೆಯುತ್ತದೆ, ಆದರೆ ಅದರ ಗುಂಡು ನಿಧಾನ. ಓಡುವವನ ಮುಂದಿನ ಜಾಗಕ್ಕೆ ಗುರಿ ಇಡಬೇಕು, ಅದೂ ಆ ಕಂಪನಿಯ ಎಕ್ಸಿಕ್ಯೂಷನರ್ ರೈಫಲ್ ಹಿಡಿದರೆ ಮೂರೇ ಹೊಡೆತಕ್ಕೆ ರೀಲೋಡ್.

ಒಬ್ಬನೇ ಆಡುವಾಗ ಲೇಸರ್‌ನಿಂದ ಶೀಲ್ಡ್ ಇಳಿಸಿ, ರೈಫಲ್‌ಗೆ ಬದಲಿಸಿ, ಗುರಿ ಹಿಡಿಯುವಷ್ಟರಲ್ಲಿ ಎದುರಿನವ ಕಂಟೇನರ್ ಹಿಂದೆ ಸೇರಿರುತ್ತಾನೆ. ಸ್ವಲ್ಪ ಹೊತ್ತು ಪೆಟ್ಟು ಬೀಳದಿದ್ದರೆ ಅವನ ಶೀಲ್ಡ್ ಮತ್ತೆ ತುಂಬತೊಡಗುತ್ತದೆ, ಪಟ್ಟ ಶ್ರಮ ನೀರಿನಲ್ಲಿ ಹೋಮ. ಹಡಗಿನಿಂದ ಇಳಿಯುವಾಗ ತೊಡುವ ಸೂಟುಗಳಲ್ಲಿ ಡಾಮಿನೇಟರ್‌ಗೆ ಎರಡು ದೊಡ್ಡ ಬಂದೂಕು, ಒಂದು ಪಿಸ್ತೂಲು ಹಿಡಿಸುತ್ತವೆ. ಮಾವೆರಿಕ್, ಆರ್ಟೆಮಿಸ್ ಎರಡಕ್ಕೂ ಒಂದು ದೊಡ್ಡದು, ಒಂದು ಪಿಸ್ತೂಲು ಅಷ್ಟೇ. ಮಾವೆರಿಕ್ ತೊಟ್ಟವರು ದೊಡ್ಡದಾಗಿ ಅಫೀಲಿಯನ್ ಹಿಡಿದು, ಪಿಸ್ತೂಲಿಗೆ ಕರ್ಮಾ ಪಿ-15 ಇಟ್ಟುಕೊಳ್ಳುವುದು ಕಡಿಮೆ ಖರ್ಚಿನ ಜೋಡಿ. ಬಂದೂಕು ಬದಲಿಸುವ ಕೀ ಕೀಬೋರ್ಡಿನ ಅಂಕಿಗಳ ಮೇಲೆ ಬೇಡ. ಮೌಸಿನ ಪಕ್ಕದ ಎರಡು ಬಟನ್‌ಗೆ ಕೊಡಿ, ಹೆಬ್ಬೆರಳು ತಾನೇ ಕಲಿತುಕೊಳ್ಳುತ್ತದೆ.

ಇಬ್ಬರಿದ್ದರೆ ಆಟವೇ ಬೇರೆ. ಒಬ್ಬ ಬರೀ ಲೇಸರ್, ಇನ್ನೊಬ್ಬ ಬರೀ ರೈಫಲ್. ಬಂದೂಕು ಬದಲಿಸುವ ಗೊಡವೆಯೇ ಇಲ್ಲ. ಲೇಸರಿನವನು ಒಂದು ಗುರಿ ಆರಿಸಿ ಶೀಲ್ಡ್ ಸುಡುತ್ತಾನೆ, ಅದು ಒಡೆದ ಕ್ಷಣ ಕೂಗುತ್ತಾನೆ: 'ಹೋತು!' ರೈಫಲಿನವನು ಅದೇ ಗುರಿಯ ತಲೆಗೆ ನಾಲ್ಕೈದು ಗುಂಡು ಬಿಡುವಷ್ಟರಲ್ಲಿ ಲೇಸರ್ ಮುಂದಿನವನ ಮೇಲೆ ಹೋಗಿರಬೇಕು. ಕೂಗು ಚಿಕ್ಕದಾದಷ್ಟೂ ಒಳ್ಳೆಯದು. 'ಅವನ ಶೀಲ್ಡ್ ಇಳಿದಿದೆ ನೋಡೋ' ಎನ್ನುವಷ್ಟರಲ್ಲಿ ಕಾಲ ಮಿಂಚಿರುತ್ತದೆ. 'ಎಡಕ್ಕ', 'ಮ್ಯಾಲ', 'ಹೋತು', ಈ ಮೂರು ಮಾತು ಸಾಕು. ನಾಲ್ವರಿದ್ದಾಗ ಎರಡು ಜೋಡಿ. ನಾಲ್ಕೂ ಜನ ಒಂದೇ ಬಾಗಿಲಲ್ಲಿ ನುಗ್ಗಿದರೆ ಒಂದೇ ಗ್ರೆನೇಡಿಗೆ ನಾಲ್ಕೂ ಶೀಲ್ಡ್ ಇಳಿಯುತ್ತದೆ. ಇಂಥದ್ದೊಂದು ಜೊತೆಗಾರಿಕೆಯ ಸುಖ ಹಡಗು ಹಾರಿಸುವ ಆಟದಲ್ಲಿ ಸಿಗುತ್ತದೆಂದು ಯಾರೂ ಎಣಿಸಿರಲಿಲ್ಲ. ಒಡಿಸ್ಸಿಗೆ ನಮ್ಮ ಅಂಕವೆಲ್ಲ ಬೀಳುವುದು ಇಲ್ಲೇ.

ಗ್ರೆನೇಡ್ ವಿಷಯದಲ್ಲಿ ಒಂದು ಮಾತು. ಗುರುತ್ವ ಕಡಿಮೆ ಇರುವ ಉಪಗ್ರಹದಲ್ಲಿ ಎಸೆದದ್ದು ಅಂದಾಜಿಗಿಂತ ಬಹಳ ದೂರ ಹೋಗುತ್ತದೆ. ಕಾಳಗ ಶುರುವಾಗುವ ಮುಂಚೆ ಒಮ್ಮೆ ಜಿಗಿದು ನೋಡಿ, ಎಷ್ಟು ಹೊತ್ತು ಗಾಳಿಯಲ್ಲಿದ್ದೀರಿ ಎನ್ನುವುದರ ಮೇಲೆ ಎಸೆತದ ಅಂದಾಜು ಸಿಗುತ್ತದೆ. ಎಲ್-6 ರಾಕೆಟ್ ಲಾಂಚರ್‌ಗೆ ಒಮ್ಮೆ ತುಂಬಿದರೆ ಎರಡೇ ಹೊಡೆತ. ಕೋಣೆಯೊಳಗೆ ಅದನ್ನು ತೆಗೆಯಲೇಬೇಡಿ, ಹತ್ತಿರದ ಗೋಡೆಗೆ ಬಡಿದರೆ ಹೊಡೆದವನೇ ಮಲಗುತ್ತಾನೆ.

ಬಂದೂಕಿನ ನಂತರದ ಪಾಠ ಬ್ಯಾಟರಿ. ಸೂಟಿನ ಉಸಿರಾಟ ವ್ಯವಸ್ಥೆ, ಶೀಲ್ಡ್, ಕತ್ತಲಲ್ಲಿ ಕಾಣುವ ನೈಟ್ ವಿಷನ್, ಕೈಯ ಉಪಕರಣಗಳು, ಎಲ್ಲದಕ್ಕೂ ಒಂದೇ ಬ್ಯಾಟರಿ. ಅತಿ ಬಿಸಿ ಅಥವಾ ಅತಿ ಚಳಿಯ ಗ್ರಹವಾದರೆ ಇನ್ನೂ ಬೇಗ ಇಳಿಯುತ್ತದೆ. ಯುದ್ಧಕ್ಕೆಂದೇ ಇರುವ ಡಾಮಿನೇಟರ್‌ನ ಬ್ಯಾಟರಿ ಮೂರು ಸೂಟುಗಳಲ್ಲಿ ಅತಿ ಚಿಕ್ಕದು, ಇದನ್ನು ಕೊಳ್ಳುವ ಮುಂಚೆಯೇ ತಿಳಿದಿರಬೇಕು. ಶೀಲ್ಡನ್ನು ಕೈಯಾರೆ ಹಾಕಬೇಕು, ಕೈಯಾರೆ ತೆಗೆಯಬೇಕು. ಹಡಗಿನಿಂದ ಇಳಿದ ಕೂಡಲೇ ಶೀಲ್ಡ್ ಹಾಕಿಕೊಂಡು ಅರ್ಧ ಕಿಲೋಮೀಟರ್ ನಡೆದವರ ಬ್ಯಾಟರಿ ಕಾಳಗ ಶುರುವಾಗುವ ಹೊತ್ತಿಗೆ ಸೊರಗಿರುತ್ತದೆ. ಮೊದಲ ಗುಂಡಿನ ಸದ್ದು ಕೇಳುವ ತನಕ ಶೀಲ್ಡ್ ಬೇಡ. ಕರೆಂಟ್ ಇರುವ, ಗಾಳಿ ತುಂಬಿದ ಕಟ್ಟಡದೊಳಗೆ ಉಸಿರಾಟಕ್ಕೆ ಬ್ಯಾಟರಿ ಖರ್ಚಾಗುವುದಿಲ್ಲ, ಹಾಗಾಗಿ ಕಾಯುವುದಿದ್ದರೆ ಒಳಗೆ ಕಾಯಿರಿ. ಗೋಡೆಯ ಚಾರ್ಜಿಂಗ್ ಜಾಗಕ್ಕೆ ಎನರ್ಜಿಲಿಂಕ್ ಎಂಬ ಕೈಯ ಉಪಕರಣ ಹಿಡಿದರೆ ಬ್ಯಾಟರಿ ತುಂಬುತ್ತದೆ. ಅದೇ ಎನರ್ಜಿಲಿಂಕನ್ನು ಓವರ್‌ಲೋಡ್‌ಗೆ ಬದಲಿಸಿ, ಶೀಲ್ಡ್ ಹಾಕದೆ ನಿಂತಿರುವ ಕಾವಲುಗಾರನ ಬೆನ್ನಿಗೆ ಹಿಡಿದರೆ ಸದ್ದಿಲ್ಲದೆ ಉರುಳುತ್ತಾನೆ. ಬ್ಯಾಟರಿ ಪೂರ್ತಿ ಮುಗಿದ ಮೇಲೂ ಬೈಕಿನ ರಿಸರ್ವ್‌ನಂತೆ ಸ್ವಲ್ಪ ಹೊತ್ತಿನ ತುರ್ತು ಗಾಳಿ ಇರುತ್ತದೆ. ಅಷ್ಟರಲ್ಲಿ ಬ್ಯಾಟರಿ ತುಂಬುವ ಎನರ್ಜಿ ಸೆಲ್ ಬಳಸಿ, ಇಲ್ಲವೇ ಹಡಗು ಸೇರಿ.

ನಮ್ಮ ರಾತ್ರಿಗಳಲ್ಲಿ ಒಂದು ಕ್ರಮವೇ ಬೆಳೆದುಬಿಟ್ಟಿದೆ. ಸ್ಟೇಷನ್ನಿನ ಫ್ರಂಟ್‌ಲೈನ್ ಸೊಲ್ಯೂಷನ್ಸ್ ಮೇಜಿನ ಬಳಿ ಯುದ್ಧ ಆರಿಸುವುದು, ಯಾವ ಪಕ್ಷ ಎಂದು ತೀರ್ಮಾನಿಸುವುದು, ಯುದ್ಧಭೂಮಿಗೆ ಇಳಿಸುವ ಡ್ರಾಪ್‌ಶಿಪ್ ಹತ್ತುವುದು. ಹತ್ತುವ ಮುಂಚೆ ಒಬ್ಬ ಪಟ್ಟಿ ಓದುತ್ತಾನೆ: ಎನರ್ಜಿ ಸೆಲ್, ಮೆಡ್‌ಕಿಟ್, ಗ್ರೆನೇಡ್. 'ಶೀಲ್ಡ್ ಆಫ್ ಐತೇನ್ರಲೇ?' ಎಂದು ಕೊನೆಯ ಪ್ರಶ್ನೆ. ಆಮೇಲೆ ಯುದ್ಧಭೂಮಿ ತಲುಪುವ ತನಕ ಯಾರಿಗೂ ಕೆಲಸವಿಲ್ಲ. ಕಿಟಕಿಯಾಚೆ ಗ್ರಹ ದೊಡ್ಡದಾಗುತ್ತಾ ಬರುತ್ತದೆ, ಮಾತು ಪೆಟ್ರೋಲ್ ಕಡೆ ತಿರುಗುತ್ತದೆ. ತಪ್ಪದೇ ತಿರುಗುತ್ತದೆ.

ಅದಕ್ಕೆ ಕಾರಣವೂ ಇದೆ. ಆಟದಲ್ಲಿ ಇಂಧನ ಪುಕ್ಕಟೆ. ಓ, ಬಿ, ಎ, ಎಫ್, ಜಿ, ಕೆ, ಎಂ ವರ್ಗದ ಯಾವ ನಕ್ಷತ್ರದ ಹತ್ತಿರ ಹೋದರೂ ಫ್ಯೂಯೆಲ್ ಸ್ಕೂಪ್‌ನಿಂದ ಟ್ಯಾಂಕ್ ತುಂಬಿಕೊಳ್ಳಬಹುದು. ದಾರಿಯಲ್ಲಿ ಖಾಲಿಯಾಗಿ ನಿಂತರೆ ಫ್ಯೂಯೆಲ್ ರ‍್ಯಾಟ್ಸ್ ಎಂಬ ಆಟಗಾರರ ಗುಂಪು ಬಂದು ತುಂಬಿಸಿ ಹೋಗುತ್ತದೆ, 2015ರಿಂದ ಅವರು ಇದೇ ಸೇವೆ ಮಾಡಿಕೊಂಡು ಬಂದಿದ್ದಾರೆ. ಇತ್ತ ಪುಣೆಯಲ್ಲಿ ಕೋಥ್ರೂಡ್‌ನಿಂದ ಹಿಂಜವಡಿಗೆ ಹೋಗಿ ಬರಲು ದಿನಕ್ಕೆ 40 ಕಿಲೋಮೀಟರ್ ಹತ್ತಿರ. ತಿಂಗಳಿಗೆ 22 ದಿನ ಎಂದರೆ 880. ಆ ಟ್ರಾಫಿಕ್ಕಿನಲ್ಲಿ ಕಾರು ಲೀಟರಿಗೆ 12 ಕಿಲೋಮೀಟರ್ ಕೊಟ್ಟರೆ 73 ಲೀಟರ್. 2024ರ ಮಾರ್ಚ್‌ನಲ್ಲಿ ದೇಶಾದ್ಯಂತ 2 ರೂಪಾಯಿ ಇಳಿದ ಮೇಲಿನ ಪುಣೆಯ ದರ 104ರ ಲೆಕ್ಕದಲ್ಲಿ 7,600 ರೂಪಾಯಿ. ಅದೇ ಗಾತ್ರದ ಸಿಎನ್‌ಜಿ ಕಾರು ಕೆಜಿಗೆ 22 ಓಡಿದರೆ 40 ಕೆಜಿ, ಕೆಜಿಗೆ 90 ರೂಪಾಯಿ ಎಂದಿಟ್ಟುಕೊಂಡರೂ 3,600. ತಿಂಗಳಿಗೆ 4,000 ಉಳಿತಾಯ. ಆದರೆ ಸಿಲಿಂಡರ್ ಡಿಕ್ಕಿಯನ್ನು ನುಂಗುತ್ತದೆ, ಮೂರು ವರ್ಷಕ್ಕೊಮ್ಮೆ ಅದರ ಹೈಡ್ರೋ ಟೆಸ್ಟ್ (ಒತ್ತಡ ಪರೀಕ್ಷೆ) ಆಗಲೇಬೇಕು. ಪಂಪಿನಲ್ಲಿ ಒತ್ತಡ 200 ಬಾರ್ ಮುಟ್ಟದಿದ್ದರೆ 8 ಕೆಜಿ ಹಿಡಿಸುವ ಸಿಲಿಂಡರ್‌ಗೆ 6 ಮಾತ್ರ ಬೀಳುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲಿ, ರಶ್ ಹೊತ್ತಿನಲ್ಲಿ ತುಂಬಿಸಿದರೆ ಹೀಗಾಗುವುದು ಹೆಚ್ಚು. ಬೆಳಗಿನ ತಂಪಿನಲ್ಲಿ ಹೋಗಿ.

ಊರಿಗೆ ಹೋಗುವ ಲೆಕ್ಕವೂ ಇದೇ ಡ್ರಾಪ್‌ಶಿಪ್ಪಿನಲ್ಲೇ ಆಗುತ್ತದೆ. ಪುಣೆಯಿಂದ ಬೆಳಗಾವಿ 340 ಕಿಲೋಮೀಟರ್ ಆಸುಪಾಸು. ಹೈವೇಯಲ್ಲಿ ಲೀಟರಿಗೆ 18 ಎಂದರೆ 19 ಲೀಟರ್, ಅಂದರೆ 2,000 ರೂಪಾಯಿಗೆ ಸ್ವಲ್ಪ ಕಡಿಮೆ. ನಾಲ್ವರು ಹಂಚಿಕೊಂಡರೆ ತಲಾ 500, ಖೇಡ್ ಶಿವಾಪುರದಿಂದ ಹತ್ತರಗಿವರೆಗಿನ ಟೋಲ್ ಬೇರೆ. ನಿಪ್ಪಾಣಿ ದಾಟಿ ಪೆಟ್ರೋಲ್ ಹಾಕಿಸಿದರೆ ಅಗ್ಗ ಎಂಬ ಹಳೆಯ ನಂಬಿಕೆಗೆ ಈಗ ಅಷ್ಟು ಬಲವಿಲ್ಲ. 2024ರ ಜೂನ್‌ನಲ್ಲಿ ಕರ್ನಾಟಕ ತೆರಿಗೆ ಏರಿಸಿ ಲೀಟರಿಗೆ 3 ರೂಪಾಯಿ ಹೆಚ್ಚಿಸಿದ ಮೇಲೆ ವ್ಯತ್ಯಾಸ ಒಂದೆರಡು ರೂಪಾಯಿಗೆ ಇಳಿಯಿತು. 35 ಲೀಟರ್ ಹಾಕಿಸಿದರೂ ಒಂದು ಸುತ್ತು ಚಹಾದ ಖರ್ಚು ಉಳಿದೀತು, ಅದಕ್ಕಾಗಿ ರಿಸರ್ವ್‌ನಲ್ಲಿ ಗಾಡಿ ಓಡಿಸಿಕೊಂಡು ಹೋಗಬೇಕಾಗಿಲ್ಲ. ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಡ್ರಾಪ್‌ಶಿಪ್ ನೆಲ ಮುಟ್ಟಿ ಬಾಗಿಲು ತೆರೆದಿರುತ್ತದೆ.

ಇಲ್ಲಿಯವರೆಗಿನ ಹೊಗಳಿಕೆಯಲ್ಲಿ ಉತ್ಪ್ರೇಕ್ಷೆ ಇಲ್ಲ. ಮನಸ್ಸು ಕೆಡುವುದು ಸೂಟು, ಬಂದೂಕು ಮೇಲ್ದರ್ಜೆಗೆ ಏರಿಸಲು ಹೊರಟಾಗ. ದರ್ಜೆ 1ರಿಂದ 5ರವರೆಗೆ. ಒಂದೊಂದು ದರ್ಜೆ ಏರಿದಾಗಲೂ ಒಂದು ಮಾರ್ಪಾಡಿಗೆ ಜಾಗ ಸಿಗುತ್ತದೆ, 5ರಲ್ಲಿ ಒಟ್ಟು ನಾಲ್ಕು. ಏರಿಸಲು ದುಡ್ಡೊಂದೇ ಸಾಲದು. ಸೂಟಿನ ನಕ್ಷೆ, ಬಂದೂಕಿನ ನಕ್ಷೆ, ತಯಾರಿಕೆಯ ಸೂಚನೆಗಳು, ಇಂಥ ವಸ್ತುಗಳನ್ನೂ ಮಾಹಿತಿಗಳನ್ನೂ ನೆಲೆಯಿಂದ ನೆಲೆಗೆ ಅಲೆದು, ಲಾಕರ್ ತೆರೆದು, ಡೇಟಾ ಪೋರ್ಟ್‌ಗಳಿಂದ ಇಳಿಸಿಕೊಂಡು ಕೂಡಿಸಬೇಕು. ಬಾರ್‌ಟೆಂಡರ್ ಬಳಿ ಬಿಡಿಭಾಗಗಳನ್ನು ಅದಲುಬದಲು ಮಾಡಿಕೊಳ್ಳಬಹುದು, ಆದರೆ ಮಾಹಿತಿಯನ್ನು ಮಾರಬಹುದೇ ಹೊರತು ಬದಲಿಸಿಕೊಳ್ಳುವಂತಿಲ್ಲ. ಸಿಕ್ಕಿಹಾಕಿಕೊಳ್ಳುವುದು ಅಲ್ಲೇ. ಕೊನೆಗೆ ಎಷ್ಟೋ ಜನ ಮಾಡುವುದು ಒಂದೇ ಉಪಾಯ: ಕರೆಂಟ್ ಹೋದ ಖಾಲಿ ನೆಲೆಗೆ ಹೋಗಿ ಪವರ್ ರೆಗ್ಯುಲೇಟರ್ ಹಾಕಿ, ಬೇಕಾದ್ದನ್ನು ಬಾಚಿಕೊಂಡು, ಮೆನುವಿಗೆ ಹೊರಬಂದು, ಮತ್ತೆ ಒಳಹೋಗಿ, ಮತ್ತೆ ಅದೇ ಲಾಕರ್ ತೆರೆಯುವುದು. ಅದನ್ನು ಆಟ ಎನ್ನಲಾಗದು. ಶನಿವಾರದ ರಾತ್ರಿಯೊಂದನ್ನು ಹೀಗೆ ಲಾಕರ್ ಎಣಿಸುತ್ತ ಕಳೆಯುವ ವಿನ್ಯಾಸವನ್ನು ಒಪ್ಪಲು ಸಾಧ್ಯವೇ ಇಲ್ಲ, ಅದೂ ಇಷ್ಟು ಚೆಂದದ ಕಾಳಗ ಪಕ್ಕದಲ್ಲೇ ಇರುವಾಗ.

ಮಾರ್ಪಾಡು ಮಾಡಿಕೊಡುವ ಎಂಜಿನಿಯರ್‌ಗಳ ಬಾಗಿಲು ತೆರೆಸುವುದು ಮಾತ್ರ ಅಷ್ಟು ಬೇಸರದ್ದಲ್ಲ. ಹೀರೋ ಫೆರಾರಿಗೆ ನೆಲದ 10 ಯುದ್ಧ ಮುಗಿಸಬೇಕು, ನಮ್ಮಂಥವರಿಗೆ ಅದು ತಾನಾಗಿಯೇ ಆಗುತ್ತದೆ. ಡೊಮಿನೊ ಗ್ರೀನ್‌ಗೆ ಅಪೆಕ್ಸ್ ಟ್ಯಾಕ್ಸಿಯಲ್ಲಿ 100 ಜ್ಯೋತಿರ್ವರ್ಷ ಪ್ರಯಾಣ, ಅಷ್ಟರಲ್ಲಿ ಊಟ ಮಾಡಿ ಬರಬಹುದು. ಆದರೆ ಒಮ್ಮೆ ಹಾಕಿಸಿದ ಮಾರ್ಪಾಡು ಶಾಶ್ವತ, ತೆಗೆಯಲೂ ಬದಲಿಸಲೂ ಬರುವುದಿಲ್ಲ. ತಪ್ಪು ಆರಿಸಿದರೆ ಹೊಸ ಸೂಟು ಕೊಂಡು ಮೊದಲಿಂದ ಶುರು. ಹಾಗಾಗಿ ಕಾಳಗದ ಡಾಮಿನೇಟರ್‌ಗೆ ಮೊದಲು ಶೀಲ್ಡ್ ಬೇಗ ತುಂಬುವ ಮಾರ್ಪಾಡು, ಆಮೇಲೆ ಹೆಚ್ಚುವರಿ ಗುಂಡು. ರೈಫಲ್‌ಗೆ ದೊಡ್ಡ ಮ್ಯಾಗಜೀನ್.

ಈ ಅಲೆದಾಟ ತಪ್ಪಿಸಿಕೊಳ್ಳುವ ದಾರಿ ಅಂಗಡಿಯಲ್ಲೇ ಇದೆ. ಪಯನೀರ್ ಸಪ್ಲೈಸ್‌ನಲ್ಲಿ ಆಗಾಗ ದರ್ಜೆ 2, ದರ್ಜೆ 3ರ ಸೂಟು ಬಂದೂಕುಗಳು ಸಿದ್ಧವಾಗಿಯೇ ಮಾರಾಟಕ್ಕಿರುತ್ತವೆ, ಕೆಲವಕ್ಕೆ ಮಾರ್ಪಾಡೂ ಆಗಿರುತ್ತದೆ. ಸ್ಟೇಷನ್ ಸ್ಟೇಷನ್ನಿಗೂ ದಾಸ್ತಾನು ಬೇರೆ. ಯಾವ ಸ್ಟೇಷನ್ನಿಗೆ ಇಳಿದರೂ ಮೊದಲು ಅಂಗಡಿಗೆ ಹೋಗಿ ನೋಡುವುದು ಅಭ್ಯಾಸವಾಗಲಿ. ನಾಲ್ವರ ಟೀಮಿಗೆ ಕಡಿಮೆ ಮತ್ತು ಮಧ್ಯಮ ಮಟ್ಟದ ಯುದ್ಧಗಳಿಗೆ ದರ್ಜೆ 3 ಧಾರಾಳ ಸಾಕು. 5ರ ಆಸೆ ಬಿಟ್ಟರೆ ಒಡಿಸ್ಸಿ ಬಹಳ ಒಳ್ಳೆಯ ಆಟ.

ಹೊಸಬರು ನೇರ ಯುದ್ಧಕ್ಕೆ ಹೋಗುವ ಬದಲು ಪಾಳುಬಿದ್ದ ನೆಲೆಗಳನ್ನು ದೋಚುವ ಸ್ಕ್ಯಾವೆಂಜರ್‌ಗಳನ್ನು ಓಡಿಸುವ ಮಿಷನ್ ತೆಗೆದುಕೊಳ್ಳಿ. ಅವರನ್ನು ಕೊಂದರೆ ಅಪರಾಧವಲ್ಲ, ತಲೆಯ ಮೇಲೆ ಬೌಂಟಿ ಬೀಳುವುದಿಲ್ಲ. ಜನವಿರುವ ನೆಲೆಯಲ್ಲಿ ಕಾವಲುಗಾರ ಸ್ಕ್ಯಾನ್ ಮಾಡಲು ಬಂದರೆ ಬಂದೂಕು ಒಳಗಿಟ್ಟು ನಿಂತುಕೊಳ್ಳಿ, ನಡೆದುಹೋದರೆ ಇಡೀ ನೆಲೆ ಮೇಲೆ ಬೀಳುತ್ತದೆ. ಬ್ಯಾಕ್‌ಪ್ಯಾಕ್‌ನಲ್ಲಿ ಇರುವುದೆಲ್ಲ ಸತ್ತರೆ ಹೋಗುತ್ತದೆ. ಹಡಗು ಹತ್ತಿದರೆ ಮಾತ್ರ ಲಾಕರಿಗೆ ಸೇರಿ ಭದ್ರ, ಆದ್ದರಿಂದ ಬೆಲೆಬಾಳುವುದೇನಾದರೂ ಸಿಕ್ಕ ಕೂಡಲೇ ಹಡಗು ಕರೆಸಿ ಒಮ್ಮೆ ಹತ್ತಿ ಇಳಿಯಿರಿ.

ಕಂಪ್ಯೂಟರಿನ ವಿಷಯ. ಬಿಡುಗಡೆಯಾದಾಗಿನ ಸ್ಥಿತಿ ಕೆಟ್ಟದಾಗಿತ್ತು, ಆಗ ಆಟ ತಯಾರಿಸಿದ ಫ್ರಂಟಿಯರ್ ಕಂಪನಿಯ ಮುಖ್ಯಸ್ಥರಾಗಿದ್ದ ಡೇವಿಡ್ ಬ್ರಾಬೆನ್ ಬಹಿರಂಗವಾಗಿ ಕ್ಷಮೆ ಕೇಳಿದರು. ಕನ್ಸೋಲ್ ಆವೃತ್ತಿಯನ್ನು 2022ರ ಮಾರ್ಚ್‌ನಲ್ಲಿ ಕೈಬಿಟ್ಟರು. ಪಿಸಿಯಲ್ಲಿ ಈಗ ಎಷ್ಟೋ ಸುಧಾರಿಸಿದೆ, ಆದರೂ ಹೊಗೆ, ಬೆಂಕಿ, ಇಪ್ಪತ್ತು ಜನರ ಕಾಳಗ ಒಂದೇ ಕಡೆ ಸೇರಿದಾಗ ಫ್ರೇಮ್ ಬೀಳುತ್ತದೆ. ಮೊದಲು ನೆರಳಿನ ಗುಣಮಟ್ಟ ಇಳಿಸಿ, ನಂತರ ಹೊಗೆ ಮಂಜಿನ ವಾಲ್ಯೂಮೆಟ್ರಿಕ್ ಎಫೆಕ್ಟ್ಸ್, ಅದೂ ಸಾಲದಿದ್ದರೆ ಎಫ್‌ಎಸ್‌ಆರ್ (ಚಿಕ್ಕದಾಗಿ ಮೂಡಿಸಿದ ಚಿತ್ರವನ್ನು ಹಿಗ್ಗಿಸುವ ಆಯ್ಕೆ) ಹಾಕಿ. ಲ್ಯಾಪ್‌ಟಾಪಿನಲ್ಲಿ ಆಡುವವರು ಏಪ್ರಿಲ್-ಮೇ ತಿಂಗಳ ಪುಣೆ ಸೆಕೆಗೆ ಫ್ರೇಮ್ ಮಿತಿಯನ್ನು 60ಕ್ಕೆ ಕಟ್ಟಿಹಾಕಿ. ವಿಆರ್ ಕನ್ನಡಕ ಇದ್ದವರಿಗೆ ನೆಲದ ಮೇಲೆ ಚಪ್ಪಟೆ ಪರದೆ ಮಾತ್ರ ಕಾಣುತ್ತದೆ, ಅದಕ್ಕಾಗಿ ಕೊಳ್ಳಬೇಡಿ.

ತಿಂಗಳ ಚಂದಾ ಇಲ್ಲ, ಮೂಲ ಆಟ ಇರಲೇಬೇಕು, ಒಬ್ಬರೇ ಆಡಿದರೂ ಇಂಟರ್ನೆಟ್ ಬೇಕು. ಪೆಟ್ರೋಲ್ ಕಳೆದು ಮಿಕ್ಕಿದ್ದರಲ್ಲಿ ಆಟ ಕೊಳ್ಳುವವರು ಸ್ಟೀಮ್ ಸೇಲ್ ತನಕ ಕಾಯಿರಿ, ಪೂರ್ತಿ ಬೆಲೆ ಕೊಡುವ ಅಗತ್ಯವಿಲ್ಲ. ಜೊತೆಗೆ ಆಡಲು ಕನಿಷ್ಠ ಇನ್ನೊಬ್ಬರಿದ್ದರೆ ಕಣ್ಣುಮುಚ್ಚಿ ತೆಗೆದುಕೊಳ್ಳಿ. ಒಂಟಿಯಾಗಿ ಆಡುವವರು ಸ್ಕ್ಯಾವೆಂಜರ್ ಮಿಷನ್‌ಗಳಷ್ಟರಲ್ಲೇ ತೃಪ್ತಿ ಸಿಗುವುದಾದರೆ ಮಾತ್ರ ಕೊಳ್ಳಿ.