ಒಂಬತ್ತು ವರ್ಷ, 46 ಸಾವಿರ ಕಿಲೋಮೀಟರ್: ಮನೆಯಲ್ಲೇ ರಿಪೇರಿ ಮಾಡಿಕೊಂಡು ಓಡಿಸಿದ ಸ್ಕೂಟರ್

2016ರಲ್ಲಿ ಕೊಂಡ, ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬ್ಯುರೇಟರ್ ಇರುವ 110 ಸಿಸಿ ಸ್ಕೂಟರಿನಲ್ಲೇ ನಾನು ಇಂದಿಗೂ ಬೆಂಗಳೂರಿನ ವಿಜಯನಗರದ ಮನೆಯಿಂದ ಟೌನ್‌ಹಾಲ್ ಬಳಿಯ ಕಚೇರಿಗೆ ಹೋಗಿ ಬರುತ್ತೇನೆ. ಮೈಲೇಜು, ಪಿಕಪ್, ಸೀಟಿನ ಹದ ಇವುಗಳ ಬಗ್ಗೆ ಗಾಡಿ ಕೊಂಡ ತಿಂಗಳಲ್ಲೇ ಬರೆಯಬಹುದು. ಆದರೆ ಕೆಟ್ಟು ನಿಂತಾಗ ಅದು ಮಾಲೀಕನ ಕೈಗೆ ಎಷ್ಟು ಸಿಗುತ್ತದೆ ಎಂಬುದು ವರ್ಷಗಳು ಕಳೆದ ಮೇಲಷ್ಟೇ ತಿಳಿಯುತ್ತದೆ. ಆ ಲೆಕ್ಕದಲ್ಲಿ ಈ ಸ್ಕೂಟರಿಗೆ ನಾನು ತುಂಬು ಮನಸ್ಸಿನಿಂದ ಒಳ್ಳೆಯ ಅಂಕ ಕೊಡುತ್ತೇನೆ.

ಮೊದಲ ನಾಲ್ಕು ವರ್ಷ ನಾನು ಗಾಳಿ ಹಿಡಿಸುವುದಕ್ಕಿಂತ ಹೆಚ್ಚಿನದೇನನ್ನೂ ಮಾಡಿದವನಲ್ಲ. 2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಬಂದು ಗಾಡಿ ಏಳು ವಾರ ನಿಂತಲ್ಲೇ ನಿಂತಿತು; ಹೊರತೆಗೆದಾಗ ಸೆಲ್ಫ್‌ಗೂ ಓಡಲಿಲ್ಲ, ಕಿಕ್‌ಗೂ ಓಡಲಿಲ್ಲ. ನಮ್ಮ ಬೀದಿಯ ಮೆಕ್ಯಾನಿಕ್ ಊರಿಗೆ ಹೋಗಿದ್ದರು. ಫೋನಿನಲ್ಲಿ ಅವರು ಹೇಳಿದ್ದು ಇಷ್ಟೇ: "ಸಾರ್, ಸುಮ್ಮನೆ ಏನೂ ಬಿಚ್ಚಬೇಡಿ. ನಾಲ್ಕು ಸಲ ಕಿಕ್ ಹೊಡೆದು ಪ್ಲಗ್ ತೆಗೆದು ನೋಡಿ. ಒಣಗಿದ್ದರೆ ಪೆಟ್ರೋಲ್ ಬರ್ತಿಲ್ಲ, ಒದ್ದೆ ಇದ್ದರೆ ಕರೆಂಟ್ ಕಡೆ ನೋಡಿ." ಕಿಡಿ ಹೊತ್ತಿಸುವ ಆ ಪ್ಲಗ್ ಒಣಗಿತ್ತು. ಕಾರ್ಬ್ಯುರೇಟರಿನ ತಳದ ಬಟ್ಟಲಿನಲ್ಲಿ ಉಳಿದಿದ್ದ ಪೆಟ್ರೋಲ್ ಆವಿಯಾಗಿ, ಹಿಂದೆ ಬಿಟ್ಟ ಜಿಡ್ಡು ಪೆಟ್ರೋಲನ್ನು ಅಳತೆಯಾಗಿ ಬಿಡುವ ಸಣ್ಣ ಜೆಟ್ಟಿನ ರಂಧ್ರದಲ್ಲಿ ಗಟ್ಟಿಯಾಗಿತ್ತು. ಜೆಟ್ಟನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಏನೂ ಕಾಣಲಿಲ್ಲ. ಕ್ಲೀನರ್ ಸ್ಪ್ರೇ ಹೊಡೆದು ಅರ್ಧ ಗಂಟೆ ಬಿಟ್ಟು ಮತ್ತೆ ಹಿಡಿದಾಗ ಸೂಜಿಮೊನೆಯಷ್ಟು ಬೆಳಕು ಕಂಡಿತು. ಆ ರಂಧ್ರಕ್ಕೆ ತಂತಿ ತೂರಿಸಬಾರದು. ಹಿತ್ತಾಳೆ ಸವೆದು ರಂಧ್ರ ಹಿಗ್ಗಿದರೆ ಮಿಶ್ರಣದ ಪ್ರಮಾಣವೇ ಕೆಡುತ್ತದೆ.

ಅಂದಿನಿಂದ ನಾನು ಬಿಡದೆ ಪಾಲಿಸುವ ಕ್ರಮವೆಂದರೆ ಮೊದಲು ಕಿಡಿ, ಆಮೇಲೆ ಪೆಟ್ರೋಲ್, ಆಮೇಲೆ ಗಾಳಿ, ಕೊನೆಗೆ ಕಂಪ್ರೆಷನ್, ಅಂದರೆ ಎಂಜಿನ್ನಿನೊಳಗೆ ಮಿಶ್ರಣ ಒತ್ತಿಕೊಳ್ಳುವ ಬಿಗಿ. ಒಂದು ಖಚಿತವಾಗುವವರೆಗೆ ಇನ್ನೊಂದಕ್ಕೆ ಕೈ ಹಾಕುವುದಿಲ್ಲ. ಈ ಕ್ರಮದ ಬೆಲೆ ನನಗೆ ಚೆನ್ನಾಗಿ ಗೊತ್ತಾದದ್ದು 2022ರಲ್ಲಿ. ಸಿರ್ಸಿ ವೃತ್ತದ ಮೇಲ್ಸೇತುವೆ ಹತ್ತುವಾಗ ಗಾಡಿ ಮಿಸ್ಸಿಂಗ್ ಹೊಡೆದು ಆಫ್ ಆಗುತ್ತಿತ್ತು, ಬದಿಗೆ ನಿಲ್ಲಿಸಿ ಒಂದೆರಡು ನಿಮಿಷ ಸೆಲ್ಫ್ ಹೊಡೆದರೆ ಏನೂ ಆಗದಂತೆ ಹೊರಡುತ್ತಿತ್ತು. ಹಿಂದೆ ಬಸ್ಸುಗಳು ಹಾರ್ನ್ ಹೊಡೆಯುತ್ತಿರುವಾಗ ಅಲ್ಲಿ ಗಾಡಿ ತಳ್ಳುವುದು ಅಪಾಯದ ಕೆಲಸ. ತೋರಿಸಿದ ಸರ್ವೀಸ್ ಸೆಂಟರಿನಲ್ಲಿ ಗಾಡಿಯನ್ನು ಓಡಿಸಿಯೂ ನೋಡದೆ ಕಾರ್ಬ್ಯುರೇಟರ್ ಪೂರ್ತಿ ಬದಲಿಸಬೇಕೆಂದು ಸಾವಿರಗಟ್ಟಲೆ ರೂಪಾಯಿಯ ಅಂದಾಜು ಪಟ್ಟಿ ಬರೆದುಕೊಟ್ಟರು. ಅದು ನನಗೆ ಇಂದಿಗೂ ಬೇಸರದ ಸಂಗತಿ.

ಮನೆಗೆ ತಂದು ಯೋಚಿಸಿದೆ. ಕಿಡಿ ನೀಲಿಯಾಗಿ ಚೆನ್ನಾಗಿಯೇ ಬರುತ್ತಿತ್ತು. ಟ್ಯಾಂಕಿನ ಮುಚ್ಚಳದ ಗಾಳಿದಾರಿ ಕಟ್ಟಿದರೂ ಪೆಟ್ರೋಲ್ ಇಳಿಯುವುದಿಲ್ಲ. ಆದ್ದರಿಂದ ಗಾಡಿ ಆಫ್ ಆದ ಕೂಡಲೇ ಮುಚ್ಚಳ ತೆರೆದು ನೋಡಿದೆ, ವ್ಯತ್ಯಾಸವಾಗಲಿಲ್ಲ. ಉಳಿದದ್ದು ಪೆಟ್ರೋಲ್ ಕಾಕ್, ಅಂದರೆ ಟ್ಯಾಂಕಿನಿಂದ ಪೆಟ್ರೋಲ್ ಬಿಡುವ ಕವಾಟ. ಈ ಸ್ಕೂಟರಿನಲ್ಲಿ ಅದನ್ನು ಕೈಯಲ್ಲಿ ತಿರುಗಿಸುವಂತಿಲ್ಲ. ಎಂಜಿನ್ ತಿರುಗುವಾಗ ಉಂಟಾಗುವ ಹೀರುವಿಕೆ ಒಂದು ಸಣ್ಣ ರಬ್ಬರ್ ಪೈಪಿನ ಮೂಲಕ ಬಂದು ಒಳಗಿನ ಪೊರೆಯನ್ನು ಎಳೆದಾಗ ಮಾತ್ರ ಅದು ತೆರೆದುಕೊಳ್ಳುತ್ತದೆ. ಏರಿನಲ್ಲಿ ಆಕ್ಸಿಲರೇಟರ್ ಪೂರ್ತಿ ತಿರುಗಿಸಿದಾಗ ಆ ಹೀರುವಿಕೆ ತೀರ ಕಡಿಮೆಯಾಗುತ್ತದೆ, ಆಕ್ಸಿಲರೇಟರ್ ಕೊಡದೆ ಎಂಜಿನ್ ಸುಮ್ಮನೆ ಓಡುವ ಐಡಲಿಂಗ್‌ನಲ್ಲಿ ಜೋರಾಗಿರುತ್ತದೆ. ಏರಿನಲ್ಲಿ ನಿಂತು, ಸುಧಾರಿಸಿಕೊಂಡು ಹೊರಡುವ ಚಾಳಿಗೂ ಇದಕ್ಕೂ ಸರಿಯಾಗಿ ತಾಳೆಯಾಯಿತು. ಐಡಲಿಂಗ್ ಕೆಲವು ದಿನಗಳಿಂದ ತಾನಾಗಿಯೇ ಏರಿಳಿಯುತ್ತಿದ್ದುದು ಎಲ್ಲೋ ಹೊರಗಿನ ಗಾಳಿ ಸೇರುತ್ತಿದೆ ಎಂಬುದರ ಸೂಚನೆಯಾಗಿತ್ತು, ನಾನು ಗಮನಿಸಿರಲಿಲ್ಲ.

ಸೀಟಿನ ಕೆಳಗಿನ ಡಬ್ಬಿಯನ್ನು ಬಿಚ್ಚಿ ಮೇಲೆತ್ತಿ, ಪೈಪನ್ನು ಬೆರಳಲ್ಲಿ ಬಾಗಿಸಿದಾಗ ಕ್ಲಿಪ್ಪಿನ ಪಕ್ಕದಲ್ಲಿ ಉಗುರಿನ ಗೆರೆಯಷ್ಟು ತೆಳುವಾದ ಬಿರುಕೊಂದು ಬಾಯಿ ಬಿಟ್ಟಿತು. ಕೈ ಬಿಟ್ಟರೆ ಮುಚ್ಚಿಕೊಳ್ಳುತ್ತಿತ್ತು. ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯಲ್ಲಿ ಹಳೆಯ ತುಂಡನ್ನು ತೋರಿಸಿ ಅದೇ ಅಳತೆಯ ಪೈಪನ್ನು ಅರವತ್ತು ರೂಪಾಯಿಗೆ ತಂದು ಹಾಕಿದೆ. ಕಾರ್ಬ್ಯುರೇಟರ್ ಹಳೆಯದೇ ಇದೆ, ಮೂರು ವರ್ಷದಲ್ಲಿ ಒಮ್ಮೆಯೂ ಮೇಲ್ಸೇತುವೆಯಲ್ಲಿ ನಿಂತಿಲ್ಲ.

ವಿದ್ಯುತ್ ಭಾಗ ಇದಕ್ಕಿಂತ ಸುಲಭ. ಎಸ್.ಪಿ. ರಸ್ತೆಯಲ್ಲಿ ಕೊಂಡ ಸಾಧಾರಣ ಮಲ್ಟಿಮೀಟರ್ ಸಾಕು. ರಾತ್ರಿಯೆಲ್ಲ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟಿನ ಆಸುಪಾಸಿನಲ್ಲಿದ್ದರೆ ಪೂರ್ತಿ ಚಾರ್ಜ್ ಇದೆ ಎಂದರ್ಥ. ಎಂಜಿನ್ ಓಡುತ್ತಿರುವಾಗ ಸ್ವಲ್ಪ ಆಕ್ಸಿಲರೇಟರ್ ಕೊಟ್ಟರೆ ಅದು 14ರ ಹತ್ತಿರ ಏರಬೇಕು. ಏರದಿದ್ದರೆ ಹೊಸ ಬ್ಯಾಟರಿ ಹಾಕಿಯೂ ಪ್ರಯೋಜನವಿಲ್ಲ, ದೋಷ ಚಾರ್ಜ್ ಮಾಡುವ ಕಡೆಯಲ್ಲಿದೆ. ಒಂಬತ್ತು ವರ್ಷದಲ್ಲಿ ಎರಡು ಬ್ಯಾಟರಿ ಬದಲಾಗಿವೆ. ಸೆಲ್ಫ್ ಕೈಕೊಟ್ಟ ಆ ದಿನಗಳಲ್ಲೆಲ್ಲ ಕಿಕ್ ಇದ್ದುದರಿಂದ ಕಚೇರಿಗೆ ತಡವಾಗಲಿಲ್ಲ. ಕಿಕ್ ಇಲ್ಲದ ಸ್ಕೂಟರನ್ನು ನಾನು ಕೊಳ್ಳಲಾರೆ.

ಕೊರತೆಗಳೂ ಇವೆ. ಹಿಂದಿನ ಚಕ್ರ ಬಿಚ್ಚಬೇಕಾದರೆ ಸೈಲೆನ್ಸರನ್ನೇ ತೆಗೆಯಬೇಕು. ತುಕ್ಕು ಹಿಡಿದ ಅದರ ನಟ್ಟುಗಳ ಜೊತೆ ಗುದ್ದಾಡಿ ಒಂದು ಭಾನುವಾರ ಪೂರ್ತಿ ಕಳೆದಿದ್ದೇನೆ. ಮೆಟ್ರೊ ಕಾಮಗಾರಿಯ, ಅಗೆದ ರಸ್ತೆಗಳ ಧೂಳಿಗೆ ಏರ್ ಫಿಲ್ಟರ್ ಕೈಪಿಡಿ ಹೇಳುವ ಅವಧಿಗಿಂತ ಬಹಳ ಮುಂಚೆಯೇ ಕಪ್ಪಾಗುತ್ತದೆ. ಎಂಜಿನ್ನಿನ ಓಟವನ್ನು ಹಿಂದಿನ ಚಕ್ರಕ್ಕೆ ಒಯ್ಯುವ ಬೆಲ್ಟ್ ಮತ್ತು ರೋಲರುಗಳನ್ನು ನಾನು ಮನೆಯಲ್ಲಿ ಮುಟ್ಟುವುದಿಲ್ಲ, ಏಕೆಂದರೆ ಅವುಗಳ ನಟ್ಟನ್ನು ಹಿಡಿದು ನಿಲ್ಲಿಸುವ ಸಲಕರಣೆಯೂ ಅದನ್ನು ಸರಿಯಾದ ಬಿಗಿಗೆ ಕೂರಿಸುವ ಸಲಕರಣೆಯೂ ನನ್ನಲ್ಲಿಲ್ಲ. ಬ್ರೇಕ್ ಕೇಬಲ್ ಬಿಗಿ ಮಾಡುವುದನ್ನು ಮಾತ್ರ ಯಾರಾದರೂ ಮಾಡಿಕೊಳ್ಳಬಹುದು, ಆದರೆ ಬಿಗಿ ಮಾಡಿದ ಮೇಲೆ ಗಾಡಿಯನ್ನು ಸೆಂಟರ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಚಕ್ರ ಸಲೀಸಾಗಿ ತಿರುಗುತ್ತದೆಯೇ ಎಂದು ನೋಡಲೇಬೇಕು. ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಎಂಜಿನ್ ಓಡಿಸಿ ಪರೀಕ್ಷೆ ಮಾಡುವವರಿಗೆ ಒಂದು ಕಳಕಳಿಯ ಮಾತು: ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಗಾಡಿಯನ್ನು ಬಯಲಿಗೆ ತನ್ನಿ.

ಶೇ. 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲ್ 2023ರ ಫೆಬ್ರುವರಿಯಲ್ಲಿ ಬಿಡುಗಡೆಯಾದದ್ದು ನಮ್ಮ ಬೆಂಗಳೂರಿನಲ್ಲೇ. ಎಥನಾಲಿಗೆ ತೇವ ಹೀರುವ ಗುಣವಿರುವುದರಿಂದ, ವಾರಗಟ್ಟಲೆ ಊರು ಬಿಡುವಾಗ ನಾನು ಕಾರ್ಬ್ಯುರೇಟರ್ ತಳದ ಸ್ಕ್ರೂ ಸಡಿಲಿಸಿ ಬಟ್ಟಲನ್ನು ಖಾಲಿ ಮಾಡಿಯೇ ಹೋಗುತ್ತೇನೆ. ಪೆಟ್ರೋಲ್ ಪೈಪನ್ನೂ ಮುಂಜಾಗ್ರತೆಯಿಂದ ಬದಲಿಸಿದ್ದೇನೆ.

2020ರ ಏಪ್ರಿಲ್ 1ರಿಂದ ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಜಾರಿಯಾದ ಮೇಲೆ ಹೊಸ ಸ್ಕೂಟರುಗಳಲ್ಲಿ ಬಹುತೇಕ ಕಾರ್ಬ್ಯುರೇಟರಿನ ಬದಲು, ಸೆನ್ಸರುಗಳ ಅಳತೆಯಂತೆ ಪೆಟ್ರೋಲ್ ಚಿಮ್ಮಿಸುವ ಫ್ಯೂಯೆಲ್ ಇಂಜೆಕ್ಷನ್ನೇ ಬಂದಿದೆ. ಅವು ಶುದ್ಧವಾಗಿ ಉರಿಯುತ್ತವೆ, ಚಳಿಯಲ್ಲೂ ಬೇಗ ಶುರುವಾಗುತ್ತವೆ; ಆದರೆ ಸೆನ್ಸರಿನ ದೋಷವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಲಾಗದು. ಆದ್ದರಿಂದ ಕೈಯಾರೆ ಕೆಲಸ ಕಲಿಯಬೇಕೆಂಬ ಆಸೆಯಿರುವವರಿಗೆ 2020ಕ್ಕಿಂತ ಹಿಂದಿನ ಇಂಥ ಗಾಡಿಯನ್ನೇ ನಾನು ಸೂಚಿಸುತ್ತೇನೆ. ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಬೆಳಗ್ಗೆ ಎಂಜಿನ್ ತಣ್ಣಗಿರುವಾಗಲೇ ಹೋಗಿ, ಪ್ಲಗ್ ತೆಗೆಸಿ ಅದರ ಮುಖ ನೋಡಿ: ತಿಳಿಗಂದು ಬಣ್ಣವಿದ್ದರೆ ಧೈರ್ಯವಾಗಿ ಮಾತು ಮುಂದುವರಿಸಬಹುದು, ಎಣ್ಣೆ ಮೆತ್ತಿದ ಮಸಿಯಿದ್ದರೆ ಬೆಲೆ ಎಷ್ಟೇ ಇಳಿಸಿದರೂ ಬೇಡ.